ಬಳ್ಳಾರಿ, ಕೊಪ್ಪಳ, ರಾಯಚೂರು ಸಂಸದರಿಗೆ ಬಹಿರಂಗ ಪತ್ರ: ತಾಯಿಗೆ 9ಬಿ, ಮಗುವಿಗೆ 23ಇ

ಶ್ರೀ ಇ. ತುಕಾರಾಂ, ಶ್ರೀ ಕೆ. ರಾಜಶೇಖರ ಬಸವರಾಜ ಹಿಟ್ನಾಳ, ಶ್ರೀ ಜಿ. ಕುಮಾರ ನಾಯಕ ಅವರಿಗೆ,

ಮಾನ್ಯರೇ,

ನಿಮ್ಮ ಮೂರೂ ಕ್ಷೇತ್ರಗಳಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವವರು ಸೇರಿ ಬರೆದ ಪತ್ರ ಇದು. ನಮ್ಮ ಕಡೆಯವರು ವಿಮಾನ ಹತ್ತುವುದು ಹೆಚ್ಚಾಗಿ ಶಂಷಾಬಾದಿನಲ್ಲಿ, ದೇವನಹಳ್ಳಿಯಲ್ಲಿ, ಇಲ್ಲವೇ ಹುಬ್ಬಳ್ಳಿಯಲ್ಲಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ನಿದ್ದೆಗೆಟ್ಟ ಮಕ್ಕಳನ್ನು ಕರೆದುಕೊಂಡು ಕೌಂಟರ್ ಮುಟ್ಟಿದರೆ ತಾಯಿಗೆ 9ಬಿ ಸೀಟು, ಆರು ವರ್ಷದ ಮಗುವಿಗೆ 14 ಸಾಲು ಹಿಂದಿನ 23ಇ. ಕೇಳಿದರೆ, ಒಳಗೆ ಹೋಗಿ ಯಾರ ಹತ್ತಿರವಾದರೂ ಬದಲಾಯಿಸಿಕೊಳ್ಳಿ ಎನ್ನುತ್ತಾರೆ.

ಇದಕ್ಕೆ ನಿಯಮವೇ ಇಲ್ಲ ಎಂದಲ್ಲ. 2024ರ ಏಪ್ರಿಲ್‌ನಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ತನ್ನ ಏರ್ ಟ್ರಾನ್ಸ್‌ಪೋರ್ಟ್ ಸರ್ಕ್ಯುಲರ್ 1/2024ಕ್ಕೆ ತಿದ್ದುಪಡಿ ತಂದಿದೆ. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ (ಒಂದೇ ಬುಕಿಂಗಿನ ಸಂಖ್ಯೆಯಲ್ಲಿ) ಪ್ರಯಾಣಿಸುವ ತಂದೆ, ತಾಯಿ ಅಥವಾ ಪಾಲಕರಲ್ಲಿ ಕನಿಷ್ಠ ಒಬ್ಬರ ಜೊತೆ ಸೀಟು ಕೊಡಬೇಕು, ಅದರ ದಾಖಲೆಯನ್ನೂ ಇಡಬೇಕು. ಆದರೆ ಸೀಟು, ಊಟ, ಲಗೇಜು ಇವನ್ನೆಲ್ಲ ಟಿಕೆಟ್ಟಿನಿಂದ ಬಿಡಿಸಿ, ಬೇಕಾದವರಿಗೆ ಬೇರೆ ಬೇರೆಯಾಗಿ ಮಾರಲು ಅನುಮತಿ ಕೊಡುವುದೂ ಇದೇ ಸುತ್ತೋಲೆ. ಲೈಟ್, ಸೇವರ್, ವ್ಯಾಲ್ಯೂ, ಬೇಸಿಕ್ ಎಂದು ಹೆಸರು ಏನೇ ಇರಲಿ, ಅಗ್ಗದ ದರದ ಲೆಕ್ಕಾಚಾರ ನಿಂತಿರುವುದು ಈ ಬಿಡಿ ಮಾರಾಟದ ಮೇಲೆ. ಮಗು ದೂರ ಕೂತೀತು ಎಂಬ ಅಂಜಿಕೆಯೇ ಅಲ್ಲಿ ಸೀಟು ಮಾರುತ್ತದೆ.

ನಿಯಮ ಸೋರುವ ಮೊದಲ ಜಾಗ 'ಅದೇ ಪಿಎನ್‌ಆರ್' ಎಂಬ ಷರತ್ತು. ಒಂದೇ ಕುಟುಂಬ ಎರಡು ಪಿಎನ್‌ಆರ್‌ಗೆ ಹಂಚಿಹೋಗುವುದು ನಮ್ಮಲ್ಲಿ ದಿನನಿತ್ಯದ ಮಾತು, ಅದಕ್ಕೆ ದರದ ಪದ್ಧತಿಯೇ ಕಾರಣ. ಐದು ಜನರಿಗೆ ಒಟ್ಟಿಗೆ ಹುಡುಕುತ್ತೀರಿ ಎಂದುಕೊಳ್ಳಿ. ಅಗ್ಗದ ದರದಲ್ಲಿ ಮೂರೇ ಸೀಟು ಉಳಿದಿದ್ದರೆ ಕಂಪ್ಯೂಟರ್ ಮೂವರಿಗೆ ಆ ದರ, ಇಬ್ಬರಿಗೆ ಮುಂದಿನ ದರ ಎಂದು ತೋರಿಸುವುದಿಲ್ಲ, ಐದೂ ಜನರಿಗೆ ಮುಂದಿನ ದರವನ್ನೇ ಹಚ್ಚುತ್ತದೆ. ಉದಾಹರಣೆಗೆ ಮೊದಲ ದರ 4,200, ಮುಂದಿನದು 5,100 ರೂಪಾಯಿ ಇದ್ದರೆ ಒಟ್ಟಿಗೆ 25,500 ಆಗುತ್ತದೆ. ಮೂರು ಮತ್ತು ಎರಡಾಗಿ ಒಡೆದು ಮಾಡಿದರೆ 22,800. ಒಂದೇ ದಾರಿಗೆ 2,700 ಉಳಿಯುವಾಗ ಒಡೆಯಬೇಡಿ ಎಂದು ಗಿರಾಕಿಗೆ ಯಾವ ಬಾಯಲ್ಲಿ ಹೇಳುವುದು? ಹಿರಿಯ ನಾಗರಿಕರ ರಿಯಾಯಿತಿ ದರಕ್ಕೂ ಹೀಗೇ. ಸಾಮಾನ್ಯವಾಗಿ ಆ ಬುಕಿಂಗಿನಲ್ಲಿ ಹಿರಿಯರಷ್ಟೇ ಇರಬೇಕು, ಹಾಗಾಗಿ ಅಜ್ಜಿಯ ಜೊತೆ ಹೊರಟ ಮೊಮ್ಮಗಳು ಕಾಗದದ ಮೇಲೆ ಅಜ್ಜಿಯಿಂದ ಬೇರೆಯಾಗುತ್ತಾಳೆ. ಸಾಮಾನ್ಯ ಬುಕಿಂಗಿನಲ್ಲಿ ಒಂದು ಪಿಎನ್‌ಆರ್‌ಗೆ ಒಂಬತ್ತೇ ಜನ ಎಂಬ ಮಿತಿ ಬೇರೆ ಇದೆ, ಮದುವೆ ದಿಬ್ಬಣ ಹೊರಟರೆ, ಗುಂಪು ಬುಕಿಂಗ್ ಮಾಡದಿದ್ದರೆ, ಒಡೆಯದೆ ಗತಿಯಿಲ್ಲ.

ಎರಡು ಪಿಎನ್‌ಆರ್‌ಗಳನ್ನು ಜೋಡಿಸುವ ದಾರಿ ಹಳೆಯ ರಿಸರ್ವೇಶನ್ ವ್ಯವಸ್ಥೆಯಲ್ಲಿದೆ. ಟಿಸಿಪಿ ಎಂಬ ಸಂಕೇತ ಹಾಕಿ, ಇವರು ಇಂಥ ಪಿಎನ್‌ಆರ್‌ನವರ ಜೊತೆಗಿದ್ದಾರೆ ಎಂದು ಬರೆಯಬಹುದು. ಆದರೆ ಅದು ಮನುಷ್ಯರು ಓದಲೆಂದು ಹಾಕುವ ಟಿಪ್ಪಣಿ, ಸೀಟನ್ನು ತಾನಾಗಿ ಹಂಚುವ ಯಂತ್ರ ಅದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ಕಟ್ಟಳೆಯಿಲ್ಲ. ಪ್ರಯಾಣಿಕರೇ ಮೊಬೈಲಿನಲ್ಲಿ ಟಿಕೆಟ್ ಮಾಡುವ ಕಡೆ ಇಂಥ ಜೋಡಣೆಗೆ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ.

ಎರಡನೆಯ ಸೋರಿಕೆ ವಯಸ್ಸಿನದು. ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡುವಾಗ ಪ್ರತಿಯೊಬ್ಬರ ಹೆಸರಿನ ಪಕ್ಕ ವಯಸ್ಸು ಬರೆಯದೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ಹಿರಿಯರಿಗೆ ಕೆಳಗಿನ ಬರ್ತ್ ಸಿಕ್ಕರೆ ಅದು ಆ ಅಂಕಿಯ ಪುಣ್ಯ. ದೇಶದೊಳಗಿನ ವಿಮಾನಕ್ಕೆ ಬಹಳ ಕಡೆ ಕೇಳುವುದು ಎಷ್ಟು ಜನ ದೊಡ್ಡವರು, ಎಷ್ಟು ಮಕ್ಕಳು, ಎಷ್ಟು ಕೂಸುಗಳು ಎಂದಷ್ಟೇ. ಎರಡು ವರ್ಷ ದಾಟಿದ ಮಗುವಿಗೂ ಹಲವು ಅಗ್ಗದ ದರಗಳಲ್ಲಿ ದೊಡ್ಡವರಷ್ಟೇ ದುಡ್ಡು ಬೀಳುತ್ತದೆ. ಹೇಗೂ ಅಷ್ಟೇ ರೊಕ್ಕ ಎಂದು ಅವಸರದಲ್ಲಿ 'ದೊಡ್ಡವರು 4' ಎಂದು ಒತ್ತಿಬಿಡುವವರು ಬೇಕಾದಷ್ಟು ಜನ. ಅಲ್ಲಿಗೆ ಮಗುವಿನ ಗುರುತು ಅಳಿಸಿಹೋಯಿತು. ಬುಕಿಂಗಿನಲ್ಲಿ ಮಗುವೇ ಇಲ್ಲದ ಮೇಲೆ ಯಾವ ನಿಯಮ ಯಾರನ್ನು ಕಾಪಾಡುತ್ತದೆ? ಈ ಪತ್ರ ಓದುವ ಪಾಲಕರು ಇದೊಂದನ್ನಾದರೂ ಗಮನಿಸಲಿ: ದರ ಒಂದೇ ಇದ್ದರೂ ಮಗುವನ್ನು ಮಗುವೆಂದೇ ನಮೂದಿಸಿ, ಹುಟ್ಟಿದ ದಿನಾಂಕ ಹಾಕುವ ಜಾಗವಿದ್ದರೆ ತಪ್ಪದೆ ಹಾಕಿ.

ಇನ್ನು ವೆಬ್ ಚೆಕ್-ಇನ್. ಸಾಮಾನ್ಯವಾಗಿ ಹೊರಡುವ 48 ಗಂಟೆ ಮೊದಲು ತೆರೆಯುತ್ತದೆ, 60 ನಿಮಿಷ ಮೊದಲು ಮುಚ್ಚುತ್ತದೆ. ತೆರೆದ ಕೂಡಲೇ ಸೀಟುಗಳ ನಕ್ಷೆ, ಪ್ರತಿ ಚೌಕಕ್ಕೂ ಬಣ್ಣ, ಬಣ್ಣಕ್ಕೊಂದು ಬೆಲೆ. ಬಿಟ್ಟಿ ಸೀಟುಗಳಿದ್ದರೆ ಹಿಂದಿನ ಸಾಲುಗಳಲ್ಲಿ, ಅದೂ ಹೆಚ್ಚಾಗಿ ನಡುವಿನವು. 'ಸೀಟು ಆರಿಸದೆ ಮುಂದುವರಿಯಿರಿ' ಎಂಬ ಸಾಲು ಮೂಲೆಯಲ್ಲಿ ತೆಳು ಅಕ್ಷರದಲ್ಲಿ ಕೂತಿರುತ್ತದೆ. ಮಗುವಿಗೆ ಪಾಲಕರ ಜೊತೆ ಸೀಟು ಸಿಗಬೇಕೆಂಬ ನಿಯಮ ಇದೆ ಎಂದು ಆ ಪರದೆ ಹೇಳಬೇಕಾದದ್ದು ಬೆಲೆ ತೋರಿಸುವ ಮೊದಲೇ. ದುಡ್ಡು ಕಟ್ಟಿಸಿಕೊಂಡ ಮೇಲೆ ನಿಯಮ ಪಾಲನೆಯಾಯಿತು ಎಂದು ದಾಖಲೆ ಬರೆದರೆ, ಅದು ಗಿರಾಕಿಯ ಹಣದಲ್ಲಿ ಕಂಪನಿ ಪಡೆದ ಸರ್ಟಿಫಿಕೇಟ್.

ಎಲ್ಲ ಸರಿಯಾಗಿ ಮಾಡಿದವರಿಗೂ ವಿಮಾನ ಬದಲಾದಾಗ ಪೆಟ್ಟು ಬೀಳುತ್ತದೆ. 180 ಸೀಟಿನ ಎ320ಯಲ್ಲಿ 30 ಸಾಲು, ನಡುದಾರಿಯ ಎರಡೂ ಕಡೆ ಮೂರು ಮೂರು ಸೀಟು. ಅದರ ಜಾಗಕ್ಕೆ ಚಿಕ್ಕ ವಿಮಾನವಾದ ಎಟಿಆರ್ 72 ಬಂದರೆ ಎರಡೂ ಕಡೆ ಎರಡೆರಡೇ. ಮೊದಲು ಒಂದೇ ಕಡೆ ಕೂರುತ್ತಿದ್ದ ತಾಯಿ ಮತ್ತು ಇಬ್ಬರು ಮಕ್ಕಳು ಈಗ ಹೇಗೂ ಒಡೆಯಲೇಬೇಕು, ಮೂರನೆಯ ಸೀಟು ನಡುದಾರಿಯ ಆಚೆಗೋ ಹಿಂದಿನ ಸಾಲಿಗೋ ಹೋಗುತ್ತದೆ. ಕೂಸುಗಳ ಲೆಕ್ಕ ಬೇರೆಯೇ. ಎ320ಯಲ್ಲಿ ಮೂರು ಸೀಟಿನ ಗುಂಪಿಗೆ ಹೆಚ್ಚೆಂದರೆ ಒಂದು ಹೆಚ್ಚುವರಿ ಆಕ್ಸಿಜನ್ ಮಾಸ್ಕ್ ಇರುವುದರಿಂದ ಎರಡು ಕೈಗೂಸುಗಳನ್ನು ಒಂದೇ ಗುಂಪಿನಲ್ಲಿ ಕೂರಿಸುವಂತಿಲ್ಲ. ಕೂಸುಗಳಿರುವ ಅಕ್ಕ ತಂಗಿ ಒಟ್ಟಿಗೆ ಹೊರಟರೆ ಒಬ್ಬರು ಬೇರೆ ಕಡೆ ಹೋಗಲೇಬೇಕು. ಇದು ಸುರಕ್ಷತೆಯ ಮಾತು, ಇದರಲ್ಲಿ ನಮ್ಮ ತಕರಾರಿಲ್ಲ. ಆದರೆ ಅವರ ದೊಡ್ಡ ಮಕ್ಕಳು ಯಾರ ಜೊತೆ ಕೂರಬೇಕೆಂದು ಯಂತ್ರವೇ ತೀರ್ಮಾನಿಸುವುದರಲ್ಲಿ ತಕರಾರಿದೆ. ಒಳಗೆ ಹೋಗಿ ಬದಲಾಯಿಸಿಕೊಳ್ಳಿ ಎನ್ನುವ ಮಾತೂ ಚಿಕ್ಕ ವಿಮಾನದಲ್ಲಿ ಅಷ್ಟು ಸಲೀಸಲ್ಲ. ತೂಕದ ಹಂಚಿಕೆಯ ಲೆಕ್ಕ ಮುಗಿದ ಮೇಲೆ ಸಿಬ್ಬಂದಿಯ ಒಪ್ಪಿಗೆಯಿಲ್ಲದೆ ಜಾಗ ಬಿಡುವಂತಿಲ್ಲ.

ತುಕಾರಾಂ ಅವರೇ, ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಇರುವುದು ನಿಮ್ಮದೇ ಸಂಡೂರು ತಾಲ್ಲೂಕಿನಲ್ಲಿ. ಅಲ್ಲಿಗೆ, ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯಲ್ಲಿ ಬಂದದ್ದು ಎಟಿಆರ್. ಮುಂದೆ ರಾಯಚೂರಿನ ಯರಮರಸಿನಲ್ಲಿ ನಿಲ್ದಾಣವಾದರೆ ಅಲ್ಲಿಗೂ ಬರಬಹುದಾದದ್ದು ಇಂಥ ಚಿಕ್ಕ ವಿಮಾನಗಳೇ. ದೊಡ್ಡ ವಿಮಾನವನ್ನಷ್ಟೇ ಕಣ್ಣ ಮುಂದಿಟ್ಟುಕೊಂಡು 'ಜೊತೆ' ಎಂದು ಬರೆದುಬಿಟ್ಟರೆ ನಮ್ಮ ಊರಿನ ವಿಮಾನದಲ್ಲಿ ಅದಕ್ಕೆ ಅರ್ಥವಿರುವುದಿಲ್ಲ. ಪಕ್ಕದ ಸೀಟೇ? ನಡುದಾರಿಯ ಆಚೆಯದೂ ನಡೆಯುತ್ತದೆಯೇ? ಹಿಂದಿನ ಸಾಲು?

ಬೇರೆಯವರು ಇದನ್ನು ಬಿಡಿಸಿ ಬರೆದಿದ್ದಾರೆ. ಅಮೆರಿಕದ ಸಾರಿಗೆ ಇಲಾಖೆ 2024ರ ಆಗಸ್ಟ್‌ನಲ್ಲಿ ಮುಂದಿಟ್ಟ ಕರಡು ನಿಯಮದಲ್ಲಿ 13 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಗುವಿಗೆ ಜೊತೆಯ ದೊಡ್ಡವರೊಬ್ಬರ ಪಕ್ಕದ ಸೀಟನ್ನು ಹೆಚ್ಚಿನ ಹಣವಿಲ್ಲದೆ ಕೊಡಬೇಕು. ಪಕ್ಕ ಎಂದರೆ ಅದೇ ಸಾಲಿನಲ್ಲಿ, ನಡುವೆ ದಾರಿಯಿಲ್ಲದೆ. ವಿಮಾನದ ಆಕಾರದಿಂದ ಅದು ಆಗದಿದ್ದರೆ ನಡುದಾರಿಯ ಆಚೆ, ಇಲ್ಲವೇ ನೇರ ಮುಂದೆ ಅಥವಾ ಹಿಂದೆ. ಪಕ್ಕದ ಸೀಟು ಉಳಿದೇ ಇಲ್ಲವೆಂದರೆ ಪೂರ್ತಿ ಹಣ ವಾಪಸ್ಸು, ಬೇಡವೆಂದರೆ ಹತ್ತುವ ಹೊತ್ತಿನವರೆಗೆ ಕಾಯುವ ಅವಕಾಶ, ಆಗಲೂ ಸಿಗದಿದ್ದರೆ ಬೇರೆ ವಿಮಾನ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಮಾರ್ಗಸೂಚಿಯೂ ಮಗು ಪಾಲಕರಿಂದ ಒಂದು ಸಾಲಿಗಿಂತ ಹೆಚ್ಚು ದೂರವಿರಬಾರದು ಎನ್ನುತ್ತದೆ. ತುರ್ತಾಗಿ ವಿಮಾನ ಖಾಲಿ ಮಾಡುವಾಗ ಮಗುವನ್ನು ಹುಡುಕಿಕೊಂಡು ಜನರ ನೂಕಿಗೆ ಎದುರಾಗಿ ನಡೆಯುವ ತಂದೆ ಇಡೀ ಸಾಲನ್ನೇ ತಡೆಯುತ್ತಾನೆ. ಮಾಸ್ಕ್ ಇಳಿದಾಗ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಗುವಿಗೆ ಹಾಕಿ ಎಂಬ ಸೂಚನೆ 14 ಸಾಲು ಆಚೆಯಿರುವ ತಾಯಿಗೆ ಯಾವ ಉಪಯೋಗಕ್ಕೆ?

ಕಿಟಕಿಗೆ, ಕಾಲು ಚಾಚುವ ಜಾಗಕ್ಕೆ, ಮುಂದಿನ ಸಾಲಿಗೆ ದುಡ್ಡು ತೆಗೆದುಕೊಳ್ಳಲಿ. ಬೇಕಾದವರು ಕೊಡುತ್ತಾರೆ, ನಾವೇ ದಿನಾ ಮಾರುತ್ತೇವೆ. ನಾವು ಕೇಳುವುದು 12 ವರ್ಷದವರೆಗಿನ ಮಗುವಿಗೆ, ವಿಮಾನದ ಯಾವ ಮೂಲೆಯಾದರೂ ಸರಿ, ತನ್ನವರ ಪಕ್ಕದ ಒಂದು ಸೀಟು. ಚೆಕ್-ಇನ್ ತೆರೆದ ಮೇಲೂ ಹಿಂದಿನ ಕೆಲವು ಸಾಲುಗಳನ್ನು ಮಕ್ಕಳಿರುವ ಬುಕಿಂಗುಗಳಿಗೆಂದು ತಡೆಹಿಡಿದು, ಹೊರಡುವ 24 ಗಂಟೆ ಮೊದಲು ಉಳಿದದ್ದನ್ನು ಬಿಟ್ಟುಕೊಟ್ಟರೆ ಕಂಪನಿಗೆ ದೊಡ್ಡ ನಷ್ಟವೇನೂ ಆಗದು.

ನೀವು ಮಾಡಬಹುದಾದ ಕೆಲಸ ಲೋಕಸಭೆಯಲ್ಲಿದೆ. ಪ್ರಶ್ನೆಗೆ 15 ಪೂರ್ಣ ದಿನ ಮೊದಲು ನೋಟಿಸ್ ಬೇಕು, ಆದ್ದರಿಂದ ಅಧಿವೇಶನ ಶುರುವಾಗುವ ಮೊದಲೇ ಬರೆಯುತ್ತಿದ್ದೇವೆ. ಕುಮಾರ ನಾಯಕರೇ, ಐಎಎಸ್ ಅಧಿಕಾರಿಯಾಗಿದ್ದ ನಿಮಗೆ ಸುತ್ತೋಲೆಯ ಒಂದು ಪದ ಎಷ್ಟು ಭಾರ ಹೊರುತ್ತದೆಂದು ನಾವು ಹೇಳಬೇಕಿಲ್ಲ. 'ಅದೇ ಪಿಎನ್‌ಆರ್' ಎಂಬುದು 'ಅದೇ ಅಥವಾ ಜೋಡಿಸಿದ ಪಿಎನ್‌ಆರ್' ಎಂದಾಗಲಿ, 'ಜೊತೆ' ಎಂಬುದಕ್ಕೆ ಎ320ಗೂ ಎಟಿಆರ್‌ಗೂ ಹೊಂದುವ ವ್ಯಾಖ್ಯೆ ಬರಲಿ, ವಿಮಾನ ಬದಲಾದಾಗ ಮಕ್ಕಳಿರುವ ಬುಕಿಂಗನ್ನು ಮೊದಲು ಕೂರಿಸಿ ಆಮೇಲೆ ಉಳಿದವರನ್ನು ಕೂರಿಸಲಿ ಎಂದು ವಿಮಾನಯಾನ ಮಂತ್ರಿ ಶ್ರೀ ಕೆ. ರಾಮಮೋಹನ ನಾಯ್ಡು ಅವರನ್ನು ಕೇಳಿ. ಇಡಬೇಕೆಂದು ಹೇಳಿದ ದಾಖಲೆಯನ್ನು ಡಿಜಿಸಿಎ ಎಷ್ಟು ಸಲ ತರಿಸಿ ನೋಡಿದೆ, ತಪ್ಪಿದವರಿಗೆ ಏನು ಮಾಡಿದೆ ಎಂಬುದೂ ಪ್ರಶ್ನೆಯಲ್ಲಿರಲಿ.

ಹಿಟ್ನಾಳ ಅವರಿಗೆ ಇನ್ನೊಂದು ಸಣ್ಣ ಕೆಲಸ. ಡಿಜಿಸಿಎ ಪ್ರತಿ ತಿಂಗಳ ವರದಿಯಲ್ಲಿ ಲಗೇಜು, ಹಣ ವಾಪಸಾತಿ, ಸಿಬ್ಬಂದಿಯ ನಡವಳಿಕೆ ಎಂದು ದೂರುಗಳನ್ನು ವಿಂಗಡಿಸಿ ಕೊಡುತ್ತದೆ. ಅದರಲ್ಲಿ ಮಕ್ಕಳ ಸೀಟಿಗೆಂದೇ ಒಂದು ಪ್ರತ್ಯೇಕ ಸಾಲು ಬೇಕು. ವಿಮಾನ ಪ್ರಯಾಣಿಕರ ದೂರಿಗೆಂದು ಸರ್ಕಾರ ಮಾಡಿದ ಏರ್‌ಸೇವಾದಲ್ಲಿ ಕೊಟ್ಟ ದೂರು ಬೇರೆ ಯಾವುದೋ ಶೀರ್ಷಿಕೆಯಡಿ ಸೇರಿಹೋದರೆ ಇಂಥ ತೊಂದರೆ ದೇಶದಲ್ಲೇ ಇಲ್ಲ ಎಂದು ಉತ್ತರ ಬರುತ್ತದೆ. ಲೋಕಸಭೆಯ ನಿಯಮ 377ರ ಅಡಿ ಒಂದು ಪುಟ್ಟ ಪ್ರಸ್ತಾಪ ಸಾಕು.

ಹೆಸರು, ಫೋನ್ ನಂಬರ್ ತೆಗೆದ ಬೋರ್ಡಿಂಗ್ ಪಾಸುಗಳನ್ನೂ, ಚೆಕ್-ಇನ್ ಪರದೆಯ ಚಿತ್ರಗಳನ್ನೂ ಜೋಡಿಸಿ ನಿಮ್ಮ ಮೂವರ ಕಚೇರಿಗಳಿಗೆ ತಲುಪಿಸುತ್ತೇವೆ. ಯಾವ ದಿನ ತರಬೇಕೆಂದು ತಿಳಿಸಿ.

ಇತಿ,
ಬಳ್ಳಾರಿ, ಕೊಪ್ಪಳ, ರಾಯಚೂರಿನ ಟಿಕೆಟ್ ಏಜೆಂಟರು