ಪಿಎಸ್‌ಎ ಇಳಿದ ಮೇಲೂ ಚೆಕಪ್ ಯಾಕೆ?

ಕೋಲಾರ

ಗೆಳೆಯಾ,

ನಿನ್ನ ಅಪ್ಪನ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಕ್ಯಾನ್ಸರ್‌ನ ಏರಿಳಿತ ತಿಳಿಯಲು ರಕ್ತದಲ್ಲಿ ನೋಡುವ ಪ್ರೋಟೀನ್, ಇಳಿದಿದೆ ಅಂತ ಓದಿ ಮನಸ್ಸು ಹಗುರವಾಯಿತು. ಗಂಡು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಕೆಲಸ ಮಾಡುತ್ತಿದೆ. ಆದರೆ ‘ಇನ್ನು ಚೆಕಪ್ ಯಾಕೆ, ಸುಮ್ನೆ ಓಡಾಟ’ ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ.

ಲ್ಯಾಬ್‌ನಲ್ಲಿ ನಾನು ಬೆಳೆಸುವ ಕೋಶಗಳ ಹೆಸರು ಎಲ್‌ಎನ್‌ಕ್ಯಾಪ್. 1977ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 50 ವರ್ಷದ ಒಬ್ಬರ ದುಗ್ಧಗ್ರಂಥಿಯಿಂದ (ಲಿಂಫ್ ನೋಡ್) ತೆಗೆದವು. ಇವತ್ತಿಗೂ ಬೆಳೆಯುತ್ತಲೇ ಇವೆ. ಇವಕ್ಕೆ ಗಂಡು ಹಾರ್ಮೋನ್ ಬೇಕು. ಕೋಶಗಳಿಗೆ ಆಹಾರವಾಗಿ ಕೊಡುವ ಸೀರಮ್‌ಗೆ (ರಕ್ತದ ತಿಳಿ ದ್ರವ) ಇದ್ದಿಲ ಪುಡಿ ಹಾಕಿ, ಅದರಲ್ಲಿರುವ ಹಾರ್ಮೋನನ್ನು ಹೀರಿಸಿ, ಮಿಕ್ಕಿದ್ದನ್ನು ಕೋಶಗಳಿಗೆ ಕೊಡುತ್ತೇವೆ. ಅಪ್ಪನ ಇಂಜೆಕ್ಷನ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಬೆಳವಣಿಗೆ ನಿಧಾನವಾಗುತ್ತೆ, ಪಿಎಸ್‌ಎ ಇಳಿಯುತ್ತೆ. ಆಮೇಲೆ ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು ನೀನು. ಎಷ್ಟೋ ಕೋಶಗಳು ಸತ್ತೇ ಇರುವುದಿಲ್ಲ. ಮೈ ಚಿಕ್ಕದು ಮಾಡಿಕೊಂಡು, ತೆಳ್ಳಗೆ ಎಳೆ ಚಾಚಿಕೊಂಡು, ನರಕೋಶಗಳ ಹಾಗೆ ಕೂತಿರುತ್ತವೆ.

ಜೀನ್ ಅವೇ, ಪ್ರೋಟೀನ್ ಬೇರೆ. ಶಿಡ್ಲಘಟ್ಟದಲ್ಲಿ ಹುಳ ಸಾಕುವ ನಿನಗೆ ಇದು ಬೇಗ ತಿಳಿಯುತ್ತೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ಹುಳ ಸೊಪ್ಪು ಮೇದು ಮೈತುಂಬಾ ಫೈಬ್ರೋಯಿನ್ ತುಂಬಿಕೊಳ್ಳುತ್ತೆ. ರೇಷ್ಮೆಯ ಪ್ರೋಟೀನ್ ಅದು. ಅದೇ ಜೀನ್‌ಗಳಿರುವ ಚಿಟ್ಟೆ ಒಂದೆಳೆಯನ್ನೂ ತೆಗೆಯಲ್ಲ, ಅಲ್ವಾ?

ಅದಕ್ಕೇ ಜೀನ್ ಜೊತೆ ಪ್ರೋಟೀನನ್ನೂ ನೋಡಲೇಬೇಕು. ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ಪ್ರೋಟೀನನ್ನು ತುಂಡು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತುಂಡುಗಳ ತೂಕ ಹಿಡಿಯುತ್ತೇವೆ. ಒಂದು ಫಾಸ್ಫೇಟ್ ಅಂಟಿದ್ದರೆ 80 ಡಾಲ್ಟನ್ (ಅಣುಗಳ ತೂಕದ ಅಳತೆ) ಜಾಸ್ತಿ, ಅದೂ ಗೊತ್ತಾಗುತ್ತೆ. ಎಷ್ಟೇ ಚಳಿಯಿದ್ದರೂ ಉಣ್ಣೆ ಸ್ವೆಟರ್ ಹಾಕಿಕೊಂಡು ಸ್ಯಾಂಪಲ್ ಹತ್ತಿರ ಹೋಗಬಾರದು. ಉಣ್ಣೆಯ ಕೆರಾಟಿನ್ ಬಿದ್ದರೆ ಅದೂ ಪ್ರೋಟೀನೇ.

ನನ್ನನ್ನು ಜಾಸ್ತಿ ಕಾಡುವುದು ಎಆರ್-ವಿ7. ಗಂಡು ಹಾರ್ಮೋನ್ ಹಿಡಿಯುವ ಪ್ರೋಟೀನಾದ ಆಂಡ್ರೋಜೆನ್ ರಿಸೆಪ್ಟರ್‌ನ ಗಿಡ್ಡ ರೂಪ. ಮದ್ದಿಗೆ ಬಗ್ಗದ ಕೆಲವರ ಗಡ್ಡೆಯಲ್ಲಿ ಸಿಗುತ್ತೆ. ಹಾರ್ಮೋನ್ ಕೂರುವ ಭಾಗವೇ ಇದರಲ್ಲಿಲ್ಲ. ಹಾರ್ಮೋನ್ ಬರದಿದ್ದರೂ ‘ಬೆಳೆ, ಬೆಳೆ’ ಅನ್ನುತ್ತಲೇ ಇರುತ್ತೆ. ಹಾರ್ಮೋನನ್ನು ತಡೆಯುವ ಎಂಜಲುಟಮೈಡ್ ಮಾತ್ರೆ ಕೂರಬೇಕಾದ ಜಾಗವೂ ಅದೇ, ಹಾಗಾಗಿ ಮಾತ್ರೆಗೂ ಇದು ಸಿಕ್ಕಲ್ಲ.

ಹೆದರಿಸಬೇಕು ಅಂತ ಬರೆಯುತ್ತಿಲ್ಲ. ಎಷ್ಟೋ ಜನರಿಗೆ ಈ ಇಂಜೆಕ್ಷನ್ ವರ್ಷಗಟ್ಟಲೆ ಕೈ ಹಿಡಿಯುತ್ತೆ. ಆದರೆ ಕೋಶ ನರಕೋಶದ ಹಾಗೆ ವೇಷ ಬದಲಿಸಿ ಪಿಎಸ್‌ಎ ತಯಾರಿಸುವುದನ್ನೇ ಕಮ್ಮಿ ಮಾಡಿದರೆ, ಪಿಎಸ್‌ಎ ಕಮ್ಮಿ ಇದ್ದೂ ರೋಗ ಬೆಳೆಯಬಹುದು. ಅಪ್ಪನಿಗೆ ಬೆನ್ನುನೋವು ಬಂದರೆ, ತೂಕ ಇಳಿದರೆ, ವಯಸ್ಸಾಯಿತು ಅಂತ ಬಿಡಬೇಡ. ಡಾಕ್ಟರಿಗೆ ಹೇಳು, ಸ್ಕ್ಯಾನ್ ಬೇಕಾ ಕೇಳು. ಹಳೆಯ ರಿಪೋರ್ಟ್‌ಗಳನ್ನೂ ಜೊತೆಗೆ ಇಟ್ಟುಕೋ. ತಾರೀಖು ತಿಳಿಸು, ನಾನೂ ಬರುತ್ತೇನೆ.

ನಿನ್ನ ಗೆಳೆಯ