ನಿಂಬೆಹಣ್ಣಿನ ಮದ್ದು ಮತ್ತು ಅತ್ತಿಗೆಯ ಹಿಮ್ಮಡಿ

ಮಾನ್ಯ ಸಂಪಾದಕರೇ,

ಚಳಿ ಶುರುವಾಯಿತೆಂದರೆ ನಿಮ್ಮ ವಾರದ ಪುರವಣಿಯಲ್ಲಿ ಒಂದು ಬರಹ ತಪ್ಪುವುದಿಲ್ಲ. ಒಡೆದ ಹಿಮ್ಮಡಿಗೆ ಮನೆಮದ್ದು. ಈ ಸಲವೂ ಬಂತು. ಅರ್ಧ ನಿಂಬೆಹಣ್ಣು, ಒಂದು ಚಮಚ ಅಡುಗೆ ಸೋಡಾ, ಬಿಸಿ ಬಿಸಿ ನೀರು, ಆಮೇಲೆ ಚೆನ್ನಾಗಿ ತಿಕ್ಕಿ ಅಂತ. ಪಕ್ಕದಲ್ಲಿ ಒಂದು ಫೋಟೊ. ಗುಲಾಬಿ ಎಸಳು ತೇಲುವ ಬೋಗುಣಿಯಲ್ಲಿ ಯಾವುದೋ ಹುಡುಗಿಯ ಕಾಲು. ಆ ಕಾಲು ಹುಟ್ಟಿದಾಗಿನಿಂದ ಒಮ್ಮೆಯೂ ಒಡೆದದ್ದಲ್ಲ, ಬಿಡಿ.

ನಾನು ಶಿರಸಿ ಕಡೆಯವಳು, ಅಡಿಕೆ ತೋಟದ ಮನೆ. ವಯಸ್ಸು 61. ನಾನು ಡಾಕ್ಟರಲ್ಲ, ಪಂಡಿತಳೂ ಅಲ್ಲ. ಆದರೆ ಕಾಲೊಡಕಿನ ವಿಷಯದಲ್ಲಿ ಒಂದೆರಡು ಮಾತಾಡುವಷ್ಟು ನನ್ನ ಹಿಮ್ಮಡಿ ಕಂಡಿದೆ.

ನಮ್ಮಲ್ಲಿ ಕಾಲು ಒಡೆಯುವುದಕ್ಕೂ ಕೊನೆಕೊಯ್ಲಿಗೂ, ಅಂದರೆ ಅಡಿಕೆ ಗೊನೆ ಇಳಿಸುವುದಕ್ಕೂ, ಒಂದೇ ಮುಹೂರ್ತ. ಮಳೆ ನಿಂತು ಒಣಗಾಳಿ ಬೀಸುತ್ತದೆ. ಅಂಗಳಕ್ಕೆ ಸಗಣಿ ಸಾರಿಸಿ, ಬೇಯಿಸಿದ ಅಡಿಕೆ ಹರವಿ, ದಿನವಿಡೀ ಬರಿಗಾಲಲ್ಲಿ ಅದರ ಮೇಲೇ ಓಡಾಟ. ಅಡಿಕೆ ಬೇಯಿಸಿದ ಚೊಗರು ಕೈಕಾಲಿಗೆ ತಾಗಿದರೆ ಚರ್ಮ ಬಿಗಿದು ಒರಟಾಗುತ್ತದೆ. ಡಿಸೆಂಬರ್ ಮುಗಿಯುವಷ್ಟರಲ್ಲಿ ಹಿಮ್ಮಡಿಯ ಸುತ್ತ ಸೀಳು. ಸೀರೆಯ ಅಂಚು ಆ ಸೀಳಿಗೆ ಸಿಕ್ಕಿ ಚರ್ ಅಂತ ಎಳೆಯುತ್ತದೆ. ಅದಕ್ಕಿಂತ ಕೆಟ್ಟದ್ದು ರಾತ್ರಿಯದು. ನಿದ್ದೆಗಣ್ಣಲ್ಲಿ ಕಾಲು ಹೊರಳಿಸಿದರೆ ಕಂಬಳಿಯ ಉಣ್ಣೆಯ ಎಳೆ ಒಡಕಿನೊಳಗೆ ಸಿಕ್ಕಿಕೊಂಡು ಜೀವ ಹೋದ ಹಾಗಾಗುತ್ತದೆ. ಅನುಭವಿಸಿದವರಿಗೆ ಗೊತ್ತು.

ಈಗ ಅತ್ತಿಗೆಯ ಕತೆ ಹೇಳುತ್ತೇನೆ. ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಅತ್ತಿಗೆ ಅಂದರೆ ನಮ್ಮ ಯಜಮಾನರ ಅಕ್ಕ. ಮಗನ ಜೊತೆ ಪೇಟೆಯಲ್ಲಿ ಇರುತ್ತಾರೆ. ಸಕ್ಕರೆ ಕಾಯಿಲೆ ಬಂದು ಆಗಲೇ ಹದಿನಾಲ್ಕು ವರ್ಷವಾಗಿತ್ತು. ಮೂರು ವರ್ಷದ ಹಿಂದೆ ಇದೇ ಚಳಿಯಲ್ಲಿ ಅವರು ಪತ್ರಿಕೆಯೊಂದರಿಂದ ಇಂಥದ್ದೇ ಮನೆಮದ್ದಿನ ತುಂಡು ಕತ್ತರಿಸಿ ಫ್ರಿಜ್‌ಗೆ ಅಂಟಿಸಿದ್ದರು. ಯಾವ ಪತ್ರಿಕೆ ಅಂತ ನಾನು ಹೇಳುವುದಿಲ್ಲ. ದಿನಾ ಸಂಜೆ ಬಿಸಿನೀರಲ್ಲಿ ಕಾಲಿಟ್ಟು, ನಿಂಬೆಹಣ್ಣಿನ ಹೋಳಿಗೆ ಉಪ್ಪು ಹಾಕಿ ಹಿಮ್ಮಡಿ ಉಜ್ಜುವುದು, ಕಲ್ಲಿನಿಂದ ತಿಕ್ಕುವುದು. ನಾಲ್ಕನೇ ದಿನವೋ ಐದನೇ ದಿನವೋ ನನಗೆ ಫೋನು. "ನಿಂಬೆಹಣ್ಣು ಅಂದ್ರೆ ಉರಿಯುತ್ತೆ ಅಂತಿದ್ದೆಯಲ್ಲ, ನನಗೆ ಒಂಚೂರೂ ಉರಿಯಲೇ ಇಲ್ಲ ಮಾರಾಯ್ತಿ" ಅಂದರು. ದನಿಯಲ್ಲಿ ಹೆಮ್ಮೆ ಇತ್ತು. ನಾನೂ ನಕ್ಕೆ. "ನಿಮ್ಮ ಚರ್ಮ ಗಟ್ಟಿ ಅತ್ತಿಗೆ" ಅಂದೆ.

ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಸೀಳಿ ರಕ್ತ ಕಾಣುವ ಹಿಮ್ಮಡಿಗೆ ಹುಳಿ ಮತ್ತು ಉಪ್ಪು ಬಿದ್ದರೆ ಉರಿಯಲೇಬೇಕು. ಉರಿಯಲಿಲ್ಲ ಅಂದರೆ ಕಾಲಿಗೆ ಗೊತ್ತಾಗುತ್ತಿಲ್ಲ ಅಂತ ಅರ್ಥ. ಸಕ್ಕರೆ ಜಾಸ್ತಿ ವರ್ಷ ಇದ್ದವರಿಗೆ ಪಾದದ ನರ ಸೋತು ಸ್ಪರ್ಶ, ನೋವು, ಬಿಸಿ ಒಂದೂ ಸರಿಯಾಗಿ ತಿಳಿಯದೇ ಹೋಗಬಹುದು. ಇದು ನನಗೆ ಆಗ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಫ್ರಿಜ್ಜಿನ ಮೇಲಿನ ಆ ತುಂಡಿಗೂ ಗೊತ್ತಿರಲಿಲ್ಲ.

ಹತ್ತು ದಿನದ ಮೇಲೆ ಮೊಮ್ಮಗಳು ಹಾಸಿಗೆಯ ಮೇಲೆ ಹಳದಿ ಕಲೆ ನೋಡಿದಳು. ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರು ಅತ್ತಿಗೆಗೆ ಕಣ್ಣು ಮುಚ್ಚಲು ಹೇಳಿ, ಒಂದು ಹಿಡಿಗೆ ಸಿಕ್ಕಿಸಿದ ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಒತ್ತಿದರು. ಮುಟ್ಟಿದ್ದು ಗೊತ್ತಾದಾಗ "ಹೂಂ" ಅನ್ನಬೇಕು. ನಾನು ಎದುರು ನಿಂತು ನೋಡುತ್ತಿದ್ದೆ. ಎಳೆ ಬಾಗುವಷ್ಟು ಒತ್ತುತ್ತಿದ್ದಾರೆ, ಅತ್ತಿಗೆ ಮಾತ್ರ ಸುಮ್ಮನೆ ಕೂತಿದ್ದಾರೆ. ಇನ್ನೂ ಪರೀಕ್ಷೆ ಶುರುವೇ ಆಗಿಲ್ಲ ಅಂತ ಅಂದುಕೊಂಡು ಕಾಯುತ್ತಿದ್ದರಂತೆ. ಗಾಯಕ್ಕೆ ಕಾರಣ ನಿಂಬೆಯೋ, ಬಿಸಿನೀರೋ, ಕಲ್ಲೋ ಅಂತ ಡಾಕ್ಟರು ಬಿಡಿಸಿ ಹೇಳಲಿಲ್ಲ. ಮೂರೂ ಸೇರಿರಬೇಕು. ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಕಾಲು ಉಳಿಯಿತು, ಅದೇ ಪುಣ್ಯ.

ಹಾಗಂತ ಮನೆಮದ್ದೇ ಬೇಡ ಅಂತ ನಾನು ಹೇಳುತ್ತಿಲ್ಲ. ಯಾವುದು ಮದ್ದು, ಯಾವುದು ಸುಮ್ನೆ ಅಡುಗೆಮನೆ ಆಟ ಅಂತ ಬೇರೆ ಮಾಡಿ ಬರೆಯಿರಿ ಅಂತ ಅಷ್ಟೆ.

ಅಡಿಕೆ ಹಾಳೆ ನೋಡಿದ್ದೀರಲ್ಲ. ಒಣಗಿದ ಹಾಳೆಯನ್ನು ಮಡಚಿದರೆ ಪಟ್ ಅಂತ ಸೀಳುತ್ತದೆ. ಅದನ್ನೇ ನೀರಲ್ಲಿ ನೆನೆಸಿ, ಹೇಳಿದ ಹಾಗೆ ಬಾಗುತ್ತದೆ. ತಟ್ಟೆ ಮಾಡುವವರು ಮೊದಲು ನೆನೆಸುವುದು ಅದಕ್ಕೇ. ಹಿಮ್ಮಡಿಯೂ ಹಾಗೆಯೇ. ಅಂಗಾಲಿನಲ್ಲಿ ಬೆವರಿನ ಗ್ರಂಥಿ ಇದೆ, ಎಣ್ಣೆಯ ಗ್ರಂಥಿ ಇಲ್ಲ. ಮೈಯ ಬೇರೆ ಕಡೆ ಚರ್ಮ ತಾನೇ ಜಿಡ್ಡು ಮಾಡಿಕೊಳ್ಳುತ್ತದೆ, ಇಲ್ಲಿ ನಾವೇ ಹಚ್ಚಬೇಕು. ಅದರ ಮೇಲೆ ನಿಂತೂ ನಡೆದೂ ಅಲ್ಲಿನ ಚರ್ಮ ದಪ್ಪವಾಗಿರುತ್ತದೆ. ಹೆಜ್ಜೆ ಊರಿದಾಗ ಮೈಭಾರಕ್ಕೆ ಹಿಮ್ಮಡಿ ಅಗಲವಾಗುತ್ತದೆ. ಒಣಗಿ ದಪ್ಪವಾದ ಚರ್ಮ ಹಿಗ್ಗಲಾರದೆ ಅಂಚಿನಲ್ಲಿ ಸೀಳುತ್ತದೆ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಹಾಕುವವರಿಗೆ, ದಿನವಿಡೀ ನಿಂತು ಕೆಲಸ ಮಾಡುವವರಿಗೆ, ತೂಕದವರಿಗೆ ಇದು ಜಾಸ್ತಿ.

ಹಾಳೆಯ ವಿಷಯದಲ್ಲಿ ಇನ್ನೊಂದು ಇದೆ. ನೆನೆಸಿದ ಹಾಳೆಯನ್ನು ಹಾಗೇ ಬಿಸಿಲಿಗೆ ಬಿಟ್ಟರೆ ಮತ್ತೆ ಒಣಗಿ ಸೆಟೆದು ನಿಲ್ಲುತ್ತದೆ. ಬಿಸಿನೀರಲ್ಲಿ ಅರ್ಧ ಗಂಟೆ ಕಾಲಿಟ್ಟು, ಒರೆಸಿ, ಸುಮ್ಮನೆ ಮಲಗುವವರ ಕಾಲಿನ ಪಾಡೂ ಇದೇ. ನೀರು ಹೋಗುವ ಮುಂಚೆ ಅದರ ಮೇಲೆ ಜಿಡ್ಡು ಮುಚ್ಚಬೇಕು. ಮದ್ದಿನ ಗುಟ್ಟೆಲ್ಲ ಇರುವುದು ಇಲ್ಲಿ. ನಿಂಬೆ ಆ ಕೆಲಸ ಮಾಡುವುದಿಲ್ಲ, ಇರುವ ಒಡಕನ್ನೇ ಕೆರಳಿಸುತ್ತದೆ. ಸೋಡಾ ಇದ್ದಬದ್ದ ಜಿಡ್ಡನ್ನೂ ತೆಗೆಯುತ್ತದೆ. ಎರಡನ್ನೂ ಸೇರಿಸಿದರೆ ಬುಸ್ ಅಂತ ನೊರೆ ಬರುತ್ತದೆ, ಒಂದರ ಕಸುವನ್ನು ಇನ್ನೊಂದು ತೆಗೆಯುತ್ತದೆ. ನೋಡಲು ಚೆಂದ, ಅಷ್ಟೆ.

ನಮ್ಮ ಕಡೆ ಇದಕ್ಕೆ ಇದ್ದ ಮದ್ದು ಮುರುಗಲು ತುಪ್ಪ. ದಕ್ಷಿಣ ಕನ್ನಡದವರು ಪುನರ್ಪುಳಿ ಅನ್ನುತ್ತಾರಲ್ಲ, ಅದೇ ಮುರುಗಲು. ಏಪ್ರಿಲ್-ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಸಿಪ್ಪೆ ಪಾನಕಕ್ಕೆ, ಸಾರಿಗೆ. ಬೀಜವನ್ನು ನಮ್ಮ ಆಯಿ ಎಸೆಯುತ್ತಿರಲಿಲ್ಲ. ತೊಳೆದು, ಬಿಸಿಲಲ್ಲಿ ಗಲಗಲ ಅನ್ನುವ ಹಾಗೆ ಒಣಗಿಸಿ ಇಡುತ್ತಿದ್ದಳು. ಬಿಡುವಾದಾಗ ಸಿಪ್ಪೆ ಒಡೆದು ಕೇರಿ, ತಿರುಳನ್ನು ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಕುದಿಸುವುದು. ಜಿಡ್ಡು ಮೇಲೆ ತೇಲುತ್ತದೆ. ಸೌಟಿನಲ್ಲಿ ಅದನ್ನು ಬಾಚಿ, ಇನ್ನೊಮ್ಮೆ ಕಾಯಿಸಿ ಸೋಸಿ, ತೆಂಗಿನ ಕರಟಕ್ಕೆ ಹುಯ್ದರೆ ಬೆಳಗಾಗುವುದರೊಳಗೆ ಕಲ್ಲಿನಂತೆ ಗಟ್ಟಿ. ಕರಟ ಒಡೆದರೆ ಒಳಗೆ ಮಾಸಲು ಬಿಳಿಯ ಅರ್ಧ ಚೆಂಡು. ಎಷ್ಟು ಕುಟ್ಟಿದರೂ ಸಿಗುವುದು ಎರಡು ಕರಟ. ಅದಕ್ಕೇ ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ.

ಆ ಹಣ್ಣಿನ ಸಿಪ್ಪೆ ಬಿಡಿಸುವ ದಿನಗಳಲ್ಲಿ ನಮ್ಮ ಬೆರಳ ಸಂದಿಯೆಲ್ಲ ಹುಳಿಗೆ ಉರಿಯುತ್ತಿತ್ತು. ರಾತ್ರಿ ಹಚ್ಚಿಕೊಳ್ಳುತ್ತಿದ್ದದ್ದು ಅದೇ ಹಣ್ಣಿನ ಬೀಜದ ತುಪ್ಪ. ಹುಳಿಗೂ ಜಿಡ್ಡಿಗೂ ಇರುವ ವ್ಯತ್ಯಾಸ ನಾನು ಕಲಿತದ್ದು ಹಾಗೆ.

ಈ ತುಪ್ಪ ಕರಗುವುದು ಸುಮಾರು 40 ಡಿಗ್ರಿ ಬಿಸಿಗೆ. ಕೊಬ್ಬರಿ ಎಣ್ಣೆ 24ಕ್ಕೇ ಕರಗುತ್ತದೆ. ಹಾಗಾಗಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಅರ್ಧ ಹಾಸಿಗೆಗೆ. ಮುರುಗಲು ತುಪ್ಪ ಒಡಕಿನೊಳಗೆ ಇಳಿದು ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ, ಬೆಳಿಗ್ಗೆ ಎದ್ದು ನೋಡಿದರೂ ಇರುತ್ತದೆ. ಆಯಿ ಚಾಕುವಿನಲ್ಲಿ ಒಂಚೂರು ಕೆರೆದು ಚಮಚಕ್ಕೆ ಹಾಕಿ ದೀಪದ ಮೇಲೆ ಹಿಡಿಯುತ್ತಿದ್ದಳು. ಕರಗಿದ ಮೇಲೆ ಮೊದಲು ತನ್ನ ಮಣಿಕಟ್ಟಿಗೆ ಒಂದು ಹನಿ. ಬಿಸಿ ಸರಿಯಿದೆ ಅನ್ನಿಸಿದರೆ ಮಾತ್ರ ನಮ್ಮ ಹಿಮ್ಮಡಿಗೆ.

ನಾನು ಮಾಡುವುದು ಹೀಗೆ. ರಾತ್ರಿ ಕೆಲಸ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲಿಡುತ್ತೇನೆ. ಬಚ್ಚಲ ಕಲ್ಲಿನಿಂದ ಮೆಲ್ಲಗೆ ಒಂದೆರಡು ಸಲ ಉಜ್ಜುತ್ತೇನೆ, ಒಡಕಿನ ಒಳಗಲ್ಲ, ಸುತ್ತ ದಪ್ಪಗಾದ ಕಡೆ. ಬ್ಲೇಡು ಮುಟ್ಟುವುದಿಲ್ಲ. ಒರೆಸಿ, ಪಸೆ ಇರುವಾಗಲೇ ತುಪ್ಪ ಹಚ್ಚಿ, ಮೊಮ್ಮಗನ ಹಳೇ ಶಾಲೆಯ ಕಾಲುಚೀಲ ಹಾಕಿ ಮಲಗುತ್ತೇನೆ. ಮನೆಯವರು ನಗುತ್ತಾರೆ. ಎಂಟು-ಹತ್ತು ದಿನಕ್ಕೆ ಸೀರೆ ಸಿಕ್ಕುವುದು ನಿಲ್ಲುತ್ತದೆ. ಮುರುಗಲು ತುಪ್ಪ ಸಿಗದವರು ಹರಳೆಣ್ಣೆ, ಪೆಟ್ರೋಲಿಯಂ ಜೆಲ್ಲಿ ಏನು ಬೇಕಾದರೂ ಹಚ್ಚಲಿ, ಕ್ರಮ ಇದೇ. ಮೆಡಿಕಲ್ ಶಾಪಿನಲ್ಲಿ ಯೂರಿಯಾ ಇರುವ ಕ್ರೀಮು ಕೇಳಿದರೂ ಕೊಡುತ್ತಾರೆ. ಗದ್ದೆಗೆ ಹಾಕುವ ಯೂರಿಯಾ ನೆನಪಾಗಿ ನಾನು ಮೊದಲು ಹೆದರಿದ್ದೆ. ಅದು ಚರ್ಮದಲ್ಲಿ ನೀರು ಹಿಡಿದಿಟ್ಟು ದಪ್ಪ ಪದರವನ್ನು ಮೆತ್ತಗೆ ಮಾಡುತ್ತದಂತೆ. ಮಗಳು ತಂದುಕೊಟ್ಟಿದ್ದಳು. ಒಳ್ಳೆಯದೇ, ಹಟ ಮಾಡುವುದಿಲ್ಲ.

ಸುಶ್ರುತ ಸಂಹಿತೆಯಲ್ಲೂ ಈ ಕಾಯಿಲೆಗೆ ಪಾದದಾರಿ ಅಂತ ಹೆಸರಿದೆ. ಜೇನುಮೇಣ, ರಾಳ, ತುಪ್ಪ ಸೇರಿಸಿದ ಲೇಪ ಹೇಳಿದ್ದಾರೆ. ಜಿಡ್ಡು ಹಚ್ಚುವ ಬುದ್ಧಿ ನಿನ್ನೆ ಮೊನ್ನೆಯದಲ್ಲ.

ಹಳೆಯದೆಲ್ಲ ಒಳ್ಳೆಯದು ಅಂತಲೂ ಅಲ್ಲ ಮತ್ತೆ. ನಮ್ಮಲ್ಲಿ ಗೇರುಬೀಜ ಸುಡುವಾಗ ಸಿಪ್ಪೆಯಿಂದ ಕಪ್ಪು ಸೊನೆ ಒಸರುತ್ತದೆ. ಅದನ್ನು ಬಿಸಿ ಬಿಸಿಯಾಗಿ ಕಾಲೊಡಕಿಗೆ ಬಿಡುವ ಪದ್ಧತಿ ಇತ್ತು. ಗೊನೆ ಇಳಿಸಲು ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡನೊಬ್ಬ ಹಾಗೆ ಮಾಡಿಕೊಂಡು, ಪಾದವೆಲ್ಲ ಬೊಕ್ಕೆ ಎದ್ದು, ಕೊಯ್ಲಿನ ನಡುವೆ ಹದಿನೈದು ದಿನ ಮರ ಹತ್ತಲಿಲ್ಲ. ಗೇರು ಸೊನೆ ಚರ್ಮ ಸುಡುತ್ತದೆ. ಅದನ್ನು ಯಾರೂ ಮಾಡಬೇಡಿ. ಹಾಗೇ ಮಳೆಗಾಲದ ಕೆಸರುಹುಣ್ಣಿಗೂ ಚಳಿಗಾಲದ ಒಡಕಿಗೂ ಒಂದೇ ಮದ್ದು ಅಂತ ಬರೆಯುತ್ತಾರೆ. ಬೆರಳ ಸಂದಿಯ ಕೆಸರುಹುಣ್ಣು ಪಸೆ ಜಾಸ್ತಿಯಾಗಿ ಬರುವುದು, ಒಡಕು ಪಸೆ ಸಾಲದೆ ಬರುವುದು. ಕೆಸರುಹುಣ್ಣಿಗೆ ಜಿಡ್ಡು ಹಚ್ಚಿದರೆ ಇನ್ನೂ ಕೊಳೆಯುತ್ತದೆ. ನಾವು ಅದಕ್ಕೆ ಮದರಂಗಿ ಸೊಪ್ಪು ಅರೆದು ಕಟ್ಟುತ್ತಿದ್ದೆವು.

ತುರಿಕೆ ಇದ್ದರೆ, ಅಂಗಾಲು ಪೂರ್ತಿ ಸಿಪ್ಪೆ ಏಳುತ್ತಿದ್ದರೆ, ಮೂರು ವಾರವಾದರೂ ಕಡಿಮೆಯಾಗದಿದ್ದರೆ ಅದು ಬರೀ ಒಡಕಲ್ಲದೆ ಹುಳುಕಡ್ಡಿ, ಸೋರಿಯಾಸಿಸ್‌ನಂಥ ಬೇರೆ ಏನೋ ಇರಬಹುದು. ಚರ್ಮದ ಡಾಕ್ಟರಿಗೆ ತೋರಿಸಬೇಕು. ಕೊಟ್ಟಿಗೆಯಲ್ಲಿ ಕೆಲಸ ಮಾಡುವವರು ರಕ್ತ ಬರುವ ಒಡಕಿನಲ್ಲಿ ಸಗಣಿ ತುಳಿಯುತ್ತಾರೆ. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೋ ಇಲ್ಲವೋ ಕೇಳಿಕೊಳ್ಳಲಿ.

ಸಕ್ಕರೆ ಕಾಯಿಲೆಯವರಿಗೆ ಆ ದಿನ ಆಸ್ಪತ್ರೆಯಲ್ಲಿ ಹೇಳಿದ್ದನ್ನು ಅತ್ತಿಗೆ ಈಗ ಪಾಲಿಸುತ್ತಾರೆ. ಕಾಲು ನೆನೆಸುವುದೇ ಇಲ್ಲ. ತೊಳೆಯುವ ನೀರನ್ನೂ ಮೊದಲು ಮೊಣಕೈಯಿಂದ ಮುಟ್ಟಿ ನೋಡುತ್ತಾರೆ. ಕಲ್ಲು, ಬ್ಲೇಡು, ನಿಂಬೆ, ಬಿಸಿ ತುಪ್ಪ ಯಾವುದೂ ಇಲ್ಲ. ದಿನಾ ಎರಡು ಹೊತ್ತು ಕ್ರೀಮು ಹಚ್ಚುತ್ತಾರೆ, ಬೆರಳ ಸಂದಿ ಬಿಟ್ಟು. ಮನೆಯೊಳಗೂ ಚಪ್ಪಲಿ. ರಾತ್ರಿ ನೆಲದ ಮೇಲೆ ಕೈಗನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳುತ್ತಾರೆ. ಒಂದು ಗೀರು ಕಂಡರೂ ಫೋನು.

ಸಂಪಾದಕರೇ, ನಾನು ಕೇಳುವುದು ಜಾಸ್ತಿಯೇನಲ್ಲ. ಮುಂದಿನ ವಾರ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಸಕ್ಕರೆ ಕಾಯಿಲೆ ಇರುವವರು ಈ ಮದ್ದು ಮಾಡಬಾರದು ಅಂತ ಹಾಕಿ. ಮೂಲೆಯಲ್ಲಿ ಸಣ್ಣಗೆ ಹಾಕಿದರೆ ನಮ್ಮ ವಯಸ್ಸಿನವರ ಕಣ್ಣಿಗೆ ಬೀಳುವುದಿಲ್ಲ. ಫೋಟೊ ಬೇಕೆಂದರೆ ಗುಲಾಬಿ ಎಸಳು ಬಿಟ್ಟು ಒಂದು ನಿಜವಾದ ಹಿಮ್ಮಡಿಯದು ಹಾಕಿ. ನನ್ನದನ್ನೇ ಕಳಿಸಲು ತಯಾರಿದ್ದೇನೆ.

ಪತ್ರ ಪ್ರಕಟಿಸಿದರೆ ಹೆಸರು ಮಾತ್ರ ಹಾಕಬೇಡಿ. ಅತ್ತಿಗೆಯ ಮನೆಗೂ ನಿಮ್ಮ ಪತ್ರಿಕೆಯೇ ಬರುತ್ತದೆ. ತನ್ನ ಕಾಲಿನ ಕತೆಯನ್ನು ಊರಿಗೆಲ್ಲ ಸಾರಿದಳು ಅಂತ ಗೊತ್ತಾದರೆ ಈ ಸಲದ ಮುರುಗಲು ಬೀಜ ಒಡೆಯಲು ನನಗೆ ಜೊತೆ ಸಿಗುವುದಿಲ್ಲ.

ಇಂತಿ,
ಅಡಿಕೆ ತೋಟದ ಮನೆಯ ಓದುಗಿ
ಶಿರಸಿ ತಾಲ್ಲೂಕು