ಕ್ರಿಯಾಪದಕ್ಕೆ ಕಾಯುವ ಕಿವಿ

ಪ್ರೀತಿಯ ಮಾಣಿ,

ಅಕ್ಟೋಬರಿನಲ್ಲಿ ಜರ್ಮನಿಯಲ್ಲಿ ನಿನ್ನ ಗೆರ್ಮಾನಿಸ್ಟಿಕ್, ಅಂದರೆ ಜರ್ಮನ್ ಭಾಷೆ–ಸಾಹಿತ್ಯದ ಬಿ.ಎ., ಶುರು. ಟೆಸ್ಟ್‌ಡಾಫ್ ಅನ್ನುವ ಜರ್ಮನ್ ಭಾಷಾ ಪರೀಕ್ಷೆಯ ನಾಲ್ಕೂ ಭಾಗದಲ್ಲಿ ನಾಲ್ಕನೇ ಮಟ್ಟ ಬಂತು ಅಂತ ನೀನು ಹೇಳಿದ ದಿನವೇ ಬರೆಯಬೇಕಿತ್ತು. ಇದೇ ದಾರಿ ಹಿಡಿದ ಬೇರೆಯವರಿಗೂ ಆದೀತು ಅಂತ ಎಲ್ಲರೆದುರು ಬರೆಯುತ್ತಿದ್ದೇನೆ. ಬಾಳೆಕಾಯಿ ಪ್ರಕರಣ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಸಣ್ಣದನ್ನು ಮೊದಲು ಮುಗಿಸುತ್ತೇನೆ. ವೇಳಾಪಟ್ಟಿಯಲ್ಲಿ ‘10 ಸಿ.ಟಿ.’ ಅಂತಿದ್ದರೆ ಪಾಠ 10.15ಕ್ಕೆ, ‘ಎಸ್.ಟಿ.’ ಅಂತಿದ್ದರೆ ಸರಿಯಾಗಿ 10ಕ್ಕೆ. ಉಪನ್ಯಾಸ ಮುಗಿದಾಗ ಅಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ಆ ಸದ್ದಿಗೆ ಬೆಚ್ಚಬೇಡ. ಬಿ.ಎ.ಗೆ ಒಟ್ಟು 180 ಕ್ರೆಡಿಟ್, ಆರು ಸೆಮಿಸ್ಟರ್. ಒಂದು ಕ್ರೆಡಿಟ್ ಅಂದರೆ ಸುಮಾರು 30 ಗಂಟೆಯ ಕೆಲಸ, ಅದರಲ್ಲಿ ಹೆಚ್ಚಿನದು ತರಗತಿಯ ಹೊರಗೇ. ವಿಷಯಗಳು ಸಾಮಾನ್ಯವಾಗಿ ಮೂರು: ಭಾಷಾವಿಜ್ಞಾನ, ಆಧುನಿಕ ಸಾಹಿತ್ಯ, ಮಧ್ಯಕಾಲೀನ ಭಾಷೆ–ಸಾಹಿತ್ಯ.

ನಮ್ಮ ಕಡೆಯವರು ಎಡವುವುದು ಹೌಸ್‌ಆರ್ಬೈಟ್‌ನಲ್ಲಿ. ಸೆಮಿಸ್ಟರಿನ ಪಾಠ ಮುಗಿದ ಮೇಲೆ ರಜೆಯಲ್ಲಿ ಬರೆದು ಕೊಡುವ ಪ್ರಬಂಧ ಅದು, ಶುರುವಿನ ಸೆಮಿಸ್ಟರುಗಳಲ್ಲಿ 12–15 ಪುಟ. ನಾವು ಕಲಿತ ಪರೀಕ್ಷೆಯ ಉತ್ತರ ಹೇಗಿರುತ್ತದೆ? ಮೊದಲು ಕವಿಯ ಹುಟ್ಟೂರು, ಆಮೇಲೆ ಕೃತಿಗಳ ಪಟ್ಟಿ, ಆಮೇಲೆ ಸಾರಾಂಶ. ಅಲ್ಲಿ ಆ ಮೂರಕ್ಕೂ ಬೆಲೆಯಿಲ್ಲ. ಬೇಕಾಗಿರುವುದು ಒಂದೇ ಪ್ರಶ್ನೆ. ‘ಕವಿ ಗಯಟೆಯ ಕೃತಿಗಳಲ್ಲಿ ಹೆಣ್ಣು’ ಅಂತ ವಿಷಯ ಹಿಡಿದರೆ 15 ಪುಟದಲ್ಲಿ ಮುಗಿಯುವುದಿಲ್ಲ. ಒಂದು ಕೃತಿ, ಅದರ ಒಂದು ದೃಶ್ಯ, ಅಲ್ಲಿ ಮಾತು ಯಾಕೆ ತುಂಡಾಗುತ್ತದೆ? ಅಷ್ಟು ಸಣ್ಣದಾಗಿರಲಿ. ಆ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು ಮೇಷ್ಟರ ಭೇಟಿಯ ವೇಳೆಗೆ ಹೋಗಿ ತೋರಿಸು. ಅವರು ಒಪ್ಪಿದ ಮೇಲೆಯೇ ಬರೆಯಲು ಕೂರು. ಅದೇ ವಿಷಯದ ಮೇಲೆ ಹಿಂದಿನವರು ಏನೆಂದಿದ್ದಾರೆ ಅಂತ ಓದಿ, ಎಲ್ಲಿ ಒಪ್ಪುತ್ತೀಯ, ಎಲ್ಲಿ ಒಪ್ಪುವುದಿಲ್ಲ ಅಂತ ಹೇಳು. ಪೀಠಿಕೆಯಲ್ಲಿ ಎತ್ತಿದ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಸಿಗದಿದ್ದರೆ ನಡುವೆ ಎಷ್ಟು ಚೆನ್ನಾಗಿ ಬರೆದರೂ ಅಂಕ ಇಳಿಯುತ್ತದೆ. 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ಕೊನೆಯ ಹಾಳೆಯಲ್ಲಿ ‘ಇದು ನನ್ನದೇ ಕೆಲಸ’ ಎಂಬ ಘೋಷಣೆಗೆ ಸಹಿ ಇರಬೇಕು. ಅದನ್ನು ಶಾಸ್ತ್ರಕ್ಕೆ ಅಂದುಕೊಳ್ಳಬೇಡ, ಅಡಿಟಿಪ್ಪಣಿ ಕೊಡದೆ ಎತ್ತಿಕೊಂಡ ಒಂದು ಪ್ಯಾರಾ ಸಾಕು, ಇಡೀ ಪ್ರಬಂಧ ಬಿದ್ದುಹೋಗುತ್ತದೆ.

ಈಗ ನನ್ನನ್ನು ಕೆಲವು ವಾರಗಳಿಂದ ಕಾಡುತ್ತಿರುವ ಮಾತಿಗೆ ಬರುತ್ತೇನೆ. ‘ಇಂಗ್ಲಿಷ್ ಚೆನ್ನಾಗಿದ್ದರೆ ಜರ್ಮನ್ ಸುಲಭ’ ಅಂತ ನಿನಗೆ ಹೇಳಿಕೊಂಡೇ ಬಂದೆ. ಅದು ಅರ್ಧ ಸತ್ಯ. ಪದಗಳ ಮಟ್ಟಿಗೆ ಸರಿ, ವಾಕ್ಯಕ್ಕೆ ಬಂದರೆ ನಮಗೆ ಹತ್ತಿರದ ದಾರಿ ಕನ್ನಡದ್ದು. ಚಳಿಯಾದರೆ ‘ಮಿರ್ ಇಸ್ಟ್ ಕಾಲ್ಟ್’, ಅಂದರೆ ‘ನನಗೆ ಚಳಿ’. ಇಂಗ್ಲಿಷಿನಿಂದ ಹೋದವರು ‘ಇಖ್ ಬಿನ್ ಕಾಲ್ಟ್’ ಅಂದುಬಿಡುತ್ತಾರೆ, ಅದು ‘ನಾನು ಕಲ್ಲುಮನಸ್ಸಿನವನು’ ಅಂದಹಾಗೆ ಕೇಳುತ್ತದೆ. ‘ಡಾಸ್ ಗೆಫೆಲ್ಟ್ ಮಿರ್’ ಅನ್ನುವುದು ನಮ್ಮ ‘ಅದು ನನಗೆ ಹಿಡಿಸುತ್ತದೆ’. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ ಅಂದರೆ ಇಂಗ್ಲಿಷಿನವರಿಗೆ ತಲೆನೋವು. ನಮ್ಮ ಕಿವಿ ಹುಟ್ಟಿದಾಗಿನಿಂದ ಕ್ರಿಯಾಪದಕ್ಕೆ ಕಾದೇ ಬೆಳೆದದ್ದು. ‘ಮೇಡ್‌ಖೆನ್’, ಅಂದರೆ ಹುಡುಗಿ, ನಪುಂಸಕಲಿಂಗ ಯಾಕೆ ಅಂತ ತರಗತಿಯೆಲ್ಲ ತಲೆ ಕೆಡಿಸಿಕೊಳ್ಳುತ್ತದೆ. ‘ಸಣ್ಣದು’ ಅನ್ನುವ ಅರ್ಥದ ‘ಖೆನ್’ ಪ್ರತ್ಯಯ ಕೊನೆಗೆ ಸೇರಿದ್ದೆಲ್ಲ ನಪುಂಸಕ, ಅಷ್ಟೇ. ‘ಹುಡುಗಿ ಬಂತು’ ಅನ್ನುವ ಊರಿನವನಿಗೆ ಅದರಲ್ಲಿ ಆಶ್ಚರ್ಯವೇನು?

ಈ ದಾರಿಯಲ್ಲೂ ಒಂದು ಗುಂಡಿ ಇದೆ. ‘ಪೇಟೆಗೆ’ ನಮಗೆ ಚತುರ್ಥಿ. ಹಾಗಂತ ಜರ್ಮನ್ನಿನಲ್ಲೂ ಡಾಟಿವ್, ಅಂದರೆ ಅವರ ಚತುರ್ಥಿ, ಹಾಕಿದೆಯೋ, ತಪ್ಪು. ಪೇಟೆಗೆ ಹೋಗುವಾಗ ‘ಇನ್ ಡೀ ಶ್ಟಾಟ್’, ದ್ವಿತೀಯಾ. ಪೇಟೆಯಲ್ಲಿದ್ದಾಗ ‘ಇನ್ ಡೆರ್ ಶ್ಟಾಟ್’, ಡಾಟಿವ್. ನಮ್ಮವರು ತಪ್ಪುವುದು ಇಲ್ಲೇ, ಗುರುತು ಹಾಕಿಕೋ.

ಮಧ್ಯಕಾಲೀನ ಭಾಷೆಯ ತರಗತಿಗೆ ಹೆದರಬೇಡ. ‘ಮೀನ್ ನ್ಯೂವೆಸ್ ಹೂಸ್’ ಅಂತ ಬಾಯಿಪಾಠ ಮಾಡಿಸುತ್ತಾರೆ, ಇಂದಿನ ‘ಮೈನ್ ನೊಯೆಸ್ ಹೌಸ್’, ನನ್ನ ಹೊಸ ಮನೆ. ಹಳೆಯ ದೀರ್ಘ ಸ್ವರಗಳು ಎಲ್ಲಿ ಒಡೆದವು ಅನ್ನುವುದು ಆ ಮೂರು ಪದಗಳಲ್ಲೇ ಇದೆ. ಪರೀಕ್ಷೆಯಲ್ಲಿ ಕೈಕೊಡುವುದು ಪರಿಚಯದ ಮುಖದ ಪದಗಳು. ‘ಅರೆಬೈಟ್’ ಕೆಲಸವಲ್ಲ, ಕಷ್ಟ. ‘ಹೋಖ್‌ಗೆಝೀಟ್’ ಮದುವೆಯಲ್ಲ, ಹಬ್ಬ. ‘ಫ್ರೌವೆ’ ಯಾವುದೋ ಹೆಂಗಸಲ್ಲ, ದೊಡ್ಡ ಮನೆತನದವಳು. ಆಮೇಲೆ ಧ್ವನಿಪಲ್ಲಟ ಬರುತ್ತದೆ: ಉತ್ತರದ ಆಡುಮಾತಿನ ‘ಆಪೆಲ್’ ಶಿಷ್ಟ ಜರ್ಮನ್ನಿನಲ್ಲಿ ‘ಆಪ್ಫೆಲ್’, ‘ಮಾಕೆನ್’ ಹೋಗಿ ‘ಮಾಖೆನ್’. ಪಕಾರ ಸಡಿಲವಾಗುವುದು ನಮಗೆ ಹೊಸದಲ್ಲ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು.

ಇಷ್ಟು ಬರೆದು ಪೆನ್ನು ನಿಲ್ಲುತ್ತದೆ ಮಾಣಿ. ಜರ್ಮನಿಯ ಕಡಲತೀರದ ಓಸ್ಟ್‌ಫ್ರೀಸ್‌ಲಾಂಟಿನಲ್ಲಿ 1832ರಲ್ಲಿ ಹುಟ್ಟಿದ ಕಿಟೆಲ್ ನಮ್ಮ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. 1200ರ ಸುಮಾರಿನ ಜರ್ಮನ್ ಪದ್ಯವನ್ನು ನಾನು ನಿಘಂಟು ಪಕ್ಕದಲ್ಲಿಟ್ಟು ಬಿಡಿಸುತ್ತೇನೆ. ಪಂಪನ ಒಂದು ಪದ್ಯ ಕೊಟ್ಟರೆ ಗದ್ಯಾನುವಾದ ಹುಡುಕುತ್ತೇನೆ. ಅವರು ನಮ್ಮದನ್ನು ಕಲಿತಷ್ಟು ನಾನು ನಮ್ಮದನ್ನು ಕಲಿಯಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ, ಇಲ್ಲಿ ಹೇಳುವ ಯೋಚನೆಯೂ ಇರಲಿಲ್ಲ.

ಇರಲಿ ಬಿಡು. ಟ್ಯೂಬಿಂಗೆನ್ ಕಡೆ ಹೋದರೆ ಕಿಟೆಲ್ ಸಮಾಧಿಗೆ ನನ್ನ ಪರವಾಗಿಯೂ ಒಂದು ಹೂವಿಡು. ಹಪ್ಪಳದ ಕಟ್ಟು ಸೂಟ್‌ಕೇಸಿನ ಅಡಿಗೆ ಹಾಕಬೇಡ, ಮೇಲಿರಲಿ. ನಾಮಪದವನ್ನು ಡೆರ್, ಡೀ, ಡಾಸ್ ಮತ್ತು ಬಹುವಚನದ ಸಮೇತವೇ ಬರೆದುಕೋ. ಮತ್ತೆ, ಮೊದಲ ಸಲ ಮೇಜು ಕುಟ್ಟಿದ ದಿನ ಫೋನ್ ಮಾಡು.

ನಿನ್ನ,
ಅದೇ ಹಳೇ ಗೆಳೆಯ